ನನ್ನ ಪಾಲಿನ ಪಾಂ

ಕಾರ್ನೆಟ್ಟಿಗೆ ರಾಗವಿದೆ, ಡ್ರಮ್ಮಿಗೆ ಹುಡುಗರ ಹಿಂಡು.
ಎರಡನೆಯ ಆಲ್ಟೊ ಹಾರ್ನಿಗೆ ಏನಿದೆ?
ಪಾಂ ಇದೆ.
ಮೊದಲು ಬಾಸಿನವನು ಧುಂ ಅನ್ನಬೇಕು,
ಆಮೇಲೆ ನಾನು ಪಾಂ.
ಒಂಬತ್ತು ವರ್ಷ ಅಷ್ಟೇ ನುಡಿಸಿದ್ದೇನೆ.
ಹಾಡಿನ ಒಂದು ಸಾಲೂ
ನನ್ನ ತುಟಿಗೆ ತಾಗಿಲ್ಲ.

ಕಾರ್ವರ್ಸ್ ಮಿಲ್ ಅಂದರೆ ಎಷ್ಟು ದೊಡ್ಡ ಊರು?
ಒಂದು ಗಿರಣಿ, ಒಂದಕ್ಕೊಂದು ಮಾತುಬಿಟ್ಟ ಎರಡು ಚರ್ಚು,
ಸುತ್ತ ಅಯೋವಾದ ಮೆಕ್ಕೆಜೋಳ, ಆಕಾಶ ಅಡ್ಡ ಬರುವವರೆಗೆ.
ಹೆಂಗಸರು ಮೊಟ್ಟೆ ಮಾರಿ ಕೂಡಿಟ್ಟ ದುಡ್ಡಲ್ಲಿ
ಡಬ್ಯೂಕಿನಿಂದ ಹಳೆ ಕಹಳೆಗಳು ಬಂದವು,
ಯುದ್ಧ ಮುಗಿಸಿ ಬಂದವು, ಮೈತುಂಬ ತಗ್ಗು.
ಬಾಯಿ ಮುಂದಕ್ಕಲ್ಲ, ಹೆಗಲ ಮೇಲಿಂದ ಹಿಂದಕ್ಕೆ:
ಹಿಂದೆ ನಡೆದು ಬರುವ ಸಿಪಾಯಿಗಳಿಗೆ ಕೇಳಲೆಂದು
ಹಾಗೆ ಮಾಡಿಸಿದ್ದರಂತೆ.
ನಮ್ಮ ಹಿಂದೆ ಸಿಪಾಯಿಗಳಿರಲಿಲ್ಲ.
ಜುಲೈ ನಾಲ್ಕರ ಮೆರವಣಿಗೆಯಲ್ಲಿ
ಮುಂದೆ ನಿಂತ ಜಡ್ಜಿಗೆ ಬರೀ ಗುಸುಗುಸು,
ಹಿಂದಿದ್ದ ಹಾಲಿನ ಗಾಡಿಯ ಕುದುರೆಗೆ ಪೂರಾ ಸಂಗೀತ.
ಅದು ಬೆದರಿ ಓಡಿತು; ಹಾಲು ಬೀದಿಪಾಲು.

ಮಂಗಳವಾರ ರಾತ್ರಿ ಕೊಟ್ಟಿಗೆಯ ಹುಲ್ಲಟ್ಟದಲ್ಲಿ ಅಭ್ಯಾಸ.
ಜೀನು ಹೊಲಿಯುವ ಆಲ್ವಾ ಪ್ರೌಟಿ ನಮ್ಮ ಮುಂದಾಳು,
ಅವನಿಗೆ ಅರ್ಧ ಓದಲು ಬರುತ್ತಿತ್ತು, ಇನ್ನರ್ಧ ಊಹೆ.
ಚಳಿಗೆ ವಾಲ್ವುಗಳು ಹೆಪ್ಪುಗಟ್ಟಿದರೆ
ಕೋಟಿನೊಳಗೆ ಕೂಸಿನ ಹಾಗೆ
ಅವುಚಿಕೊಂಡು ಕೂರುತ್ತಿದ್ದೆವು.
ಕೆಳಗೆ ಹಸುಗಳು. ಪೋಲ್ಕಾ ನುಡಿಸಿದ ಮರುದಿನ
ಒಂದು ಸೇರು ಕಡಿಮೆ ಎಂದು ಕೊಟ್ಟಿಗೆಯವನ ಲೆಕ್ಕ.

ಬಾಸು ಊದುವವನು ಗಿರಣಿಯ ಹಾಲ್ವರ್ ಟ್ವೇಟ್.
ನಾರ್ವೆಯವನು, ಮಾತು ಕಡಿಮೆ, ಗಡ್ಡದಲ್ಲಿ ಹಿಟ್ಟು.
ಊದಿದರೆ ಹೆಗಲ ಹಿಂದೆ ಸಣ್ಣದೊಂದು ಬಿಳಿ ಮೋಡ.
ನಮ್ಮಿಬ್ಬರದು ಹೇಳಿಕೊಳ್ಳುವ ಗೆಳೆತನವಲ್ಲ,
ಬೇಲಿಯ ವಿಷಯಕ್ಕೆ ಒಮ್ಮೆ ಜಗಳವೂ ಆಗಿತ್ತು.
ಆದರೂ ಅವನು ಉಸಿರೆಳೆಯುವ ಸದ್ದು
ನನ್ನ ಎಡಗಿವಿಗೆ ಹೆಂಡತಿಯ ಕೆಮ್ಮಿನಷ್ಟು ಗುರುತು.
ಅವನು ಕೂದಲೆಳೆ ತಡವಾದರೆ
ನಾನೂ ಕೂದಲೆಳೆ ತಡ.
ಕೇಳುವವರು ಅದನ್ನೇ ತಾಳ ಅಂದುಕೊಂಡರು.

ಮಾರ್ಚಿನಲ್ಲಿ, ಹೊಳೆಯ ಮಂಜುಗಡ್ಡೆ ಬಿರಿಯುವಾಗ,
ಗಿರಣಿಯ ಚಕ್ರ ಬಿಡಿಸಲು ಇಳಿದವನು
ಮೇಲೆ ಬರಲಿಲ್ಲ.

ಹೆಣದ ಗಾಡಿಯ ಮುಂದೆ ನಡೆದೆವು, ಹತ್ತು ಜನ.
ದೊಡ್ಡ ಡ್ರಮ್ಮಿನ ಚರ್ಮ ಆ ಚಳಿಗಾಲ ಸೀಳಿತ್ತು,
ಬಾಸು ಊದಲು ಬೇರೆ ಯಾರಿಗೂ ಬಾರದು.
ಪ್ರೌಟಿ ಕೈಯೆತ್ತಿದ. ನಾನು ಕಾದೆ, ಅಭ್ಯಾಸಬಲ.
ಧುಂ ಇರಬೇಕಾದಲ್ಲಿ
ಕೆಸರಿನಿಂದ ಬೂಟು ಕಿತ್ತ ಸದ್ದು.
ಆಮೇಲೆ ನನ್ನ ಪಾಂ.
ಮತ್ತೆ ಬೂಟು. ಮತ್ತೆ ಪಾಂ.
ಗೋರಿಯವರೆಗೆ ಮುಕ್ಕಾಲು ಮೈಲಿ
ಇಡೀ ಊರು ಇಲ್ಲದ ಧುಂ ಕೇಳಿಸಿಕೊಳ್ಳುತ್ತ ಬಂತು,
ಎರಡೂ ಚರ್ಚಿನವರು.
ಕಹಳೆಗಳ ಬಾಯಿ ಹಿಂದಕ್ಕಿತ್ತಲ್ಲ,
ನುಡಿಸಿದ್ದೆಲ್ಲ ನೇರ ಅವನ ಪೆಟ್ಟಿಗೆಗೆ.
ಅವು ಸರಿಯಾದ ದಿಕ್ಕಿಗೆ ಮುಖ ಮಾಡಿವೆ ಎಂದು
ಅವತ್ತು ಮೊದಲ ಸಲ ಅನ್ನಿಸಿತು.

ಗುನ್ಹಿಲ್ಡ ಅವನ ಬಾಸನ್ನು ಕಂಬಳಿಯಲ್ಲಿ ಸುತ್ತಿ ತಂದುಕೊಟ್ಟಳು.
ಬೋರಲು ಹಾಕಿದರೆ ಒಂದು ಹಿಡಿ ಹಿಟ್ಟು ಉದುರಿತು.
ಗುಡಿಸಲು ಯಾರಿಗೂ ಕೈ ಬರಲಿಲ್ಲ; ಹಸು ನೆಕ್ಕಿತು.
ಈಗ ಅಂಚೆಯವನ ಮಗ ಡೆಲ್ಬರ್ಟ್ ಊದುತ್ತಾನೆ.
ಹದಿನಾಲ್ಕು ವರ್ಷ, ಗಲ್ಲ ಸಾಲದು,
ಧುಂ ಬರಬೇಕಾದಲ್ಲಿ ಒಮ್ಮೆ ಬರೀ ಗಾಳಿ, ಒಮ್ಮೆ ಕಪ್ಪೆ.
ಕಾಯುತ್ತೇನೆ.
ನನ್ನದೇನಿದ್ದರೂ ಆಮೇಲಿನದು.

ಮೊನ್ನೆ ಬೇಲಿ ಸರಿಮಾಡುತ್ತಿದ್ದೆ,
ಅವನ ಪಾಲಿನದನ್ನೂ.
ಗೂಟದ ತಲೆಗೆ ಕೊಡತಿ ಬಿತ್ತು.
ಬಯಲಲ್ಲಿ ಯಾರೂ ಇಲ್ಲ, ಕೈಯಲ್ಲಿ ಹಾರ್ನೂ ಇಲ್ಲ,
ಬಾಯಿ ತಾನಾಗಿ
ಪಾಂ ಅಂದಿತು.